ಕರುಳು ಕೂಗುವ ತನಕ

ಡಾಕ್ಟರು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅತ್ತೆಯ ಹೊಟ್ಟೆಗೆ ಒತ್ತಿ ಕಣ್ಣು ಮುಚ್ಚಿಕೊಂಡರೆ ವಾರ್ಡಿನಲ್ಲಿ ಯಾರೂ ಸದ್ದು ಮಾಡಬಾರದು ಎಂಬುದು ಈ ನಾಲ್ಕು ದಿನಗಳಲ್ಲಿ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಪಕ್ಕದ ಮಂಚದ ಮಸ್ತಾನ್ ಬೀ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮನ್ನು ತಡೆಯುತ್ತಿದ್ದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಅವಳ ಮಗಳು ಶಕೀಲಾ ಅರ್ಧಕ್ಕೇ ಕೈ ನಿಲ್ಲಿಸುತ್ತಿದ್ದಳು. ಚಿಕ್ಕಗಂಗಮ್ಮ ಮಂಚದ ಕಾಲುಗಡೆಯ ಕಬ್ಬಿಣದ ಕಂಬಿ ಹಿಡಿದು ನಿಂತು ಡಾಕ್ಟರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಸ್ವಲ್ಪ ಮೇಲಕ್ಕೆ ಹೋದರೆ ಏನೋ ಕೇಳಿಸಿದೆ ಎಂದು ಅರ್ಥ, ಹಾಗೆಂದು ಅವಳೇ ಅಂದುಕೊಂಡಿದ್ದಳು. ಸೋಮವಾರ ಆಪರೇಷನ್ ಆದಾಗಿನಿಂದ ಅದು ಮೇಲಕ್ಕೆ ಹೋಗಿರಲಿಲ್ಲ. ಇವತ್ತು ಶುಕ್ರವಾರ. ಎಲ್ಲರೂ ಒಂದೇ ಕಡೆ ಕಿವಿಗೊಟ್ಟಿದ್ದ ಆ ಹೊತ್ತಿನಲ್ಲಿ, ಗೊರ್ರೆಂದು ಶುರುವಾಗಿ, ಗುಳುಗುಳು ಇಳಿದು, ಕೊನೆಗೆ ಕುಂಯ್ ಎಂದು ರಾಗ ಎಳೆದು ಮುಗಿದ ಸದ್ದೊಂದು ಎದ್ದಿತು. ಡಾಕ್ಟರ ಹುಬ್ಬು ಮೇಲಕ್ಕೆ ಹೋಯಿತು. ಕಣ್ಣು ಬಿಟ್ಟು ಅತ್ತೆಯ ಹೊಟ್ಟೆಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಚಿಕ್ಕಗಂಗಮ್ಮನನ್ನು ನೋಡಿದರು.

"ಇದು ನಿಮ್ಮದಾ ಅಮ್ಮ?"

ಶಕೀಲಾ ಪುಸಕ್ಕನೆ ನಕ್ಕಳು. ಮೂಲೆಯ ಮಂಚದವರೂ ನಕ್ಕರು. ಸಿಸ್ಟರು ನಗದಿರಲು ಟ್ರೇ ಕಡೆ ತಿರುಗಿದಳು. ಚಿಕ್ಕಗಂಗಮ್ಮನಿಗೆ ಕಿವಿಯ ತುದಿಯವರೆಗೂ ಬಿಸಿ ಏರಿತು. ಮೂವತ್ತೇಳು ವರ್ಷದ ಹೆಂಗಸು, ಹೈಸ್ಕೂಲಿಗೆ ಹೋಗುವ ಮಗಳ ತಾಯಿ, ಸೆರಗಿನ ತುದಿಯನ್ನು ಹೊಟ್ಟೆಗೆ ಅಡ್ಡ ಹಿಡಿದಳು, ಬಟ್ಟೆ ಅಡ್ಡ ಹಿಡಿದರೆ ಸದ್ದು ನಿಲ್ಲುತ್ತದೆ ಎಂಬಂತೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?"

"ತಿಂದಿದೀನಿ ಸಾರ್."

"ತಿಂದ ಹೊಟ್ಟೆ ಹಿಂಗೆ ಕೂಗಲ್ಲ ಬಿಡಿ." ಡಾಕ್ಟರ್ ವೆಂಕಟರಂಗಯ್ಯ ಮಾತಿನ ಮನುಷ್ಯ, ಒಳ್ಳೆಯ ಮನುಷ್ಯ. ಆ ಒಳ್ಳೆಯತನದಿಂದಲೇ ಅವಳಿಗೆ ಅಲ್ಲಿ ನಿಲ್ಲುವುದು ಇನ್ನೂ ಕಷ್ಟವಾಯಿತು. "ನಾಚ್ಕೊಳ್ಳೋದೇನಿದೆ ಇದರಲ್ಲಿ? ಕರುಳು ಸುಮ್ಮನಿರೋ ವಸ್ತು ಅಲ್ಲ. ತಿಂದ್ರೂ ಹಿಂಡುತ್ತೆ, ತಿನ್ನದಿದ್ರೂ ಹಿಂಡುತ್ತೆ. ತಿಂದಾಗ ಒಳಗೆ ತುಂಬ್ಕೊಂಡಿರುತ್ತಲ್ಲ, ಸದ್ದು ಅದರಲ್ಲೇ ಮುಚ್ಚಿಹೋಗುತ್ತೆ. ಖಾಲಿ ಆದಾಗ ಒಳಗಿರೋದು ಒಂದಿಷ್ಟು ಗಾಳಿ, ಒಂದಿಷ್ಟು ನೀರು. ಗಂಟೆಗೋ ಒಂದೂವರೆ ಗಂಟೆಗೋ ಒಂದ್ಸಲ ಮೇಲಿಂದ ಕೆಳಗಿನವರೆಗೂ ಗುಡಿಸ್ಕೊಂಡು ಹೋಗುತ್ತೆ, ಊಟ ಆದ್ಮೇಲೆ ನೀವು ಅಡುಗೆಮನೆ ಗುಡಿಸಲ್ವಾ, ಹಂಗೆ. ಖಾಲಿ ಕೊಡ, ಸದ್ದು ಜಾಸ್ತಿ." ಸ್ಟೆತಾಸ್ಕೋಪನ್ನು ಕತ್ತಿಗೆ ಹಾಕಿಕೊಂಡರು. "ನಿಮ್ಮತ್ತೆಯವರ ಕರುಳು ಗಂಟು ಬಿದ್ದಿತ್ತು. ನಾವು ಅದನ್ನ ಮುಟ್ಟಿ, ಎಳೆದು, ಬಿಡಿಸಿ ಇಟ್ಟಿದೀವಿ. ಗಾಬರಿ ಬಿದ್ದು ಮಲಗಿಬಿಟ್ಟಿದೆ. ಎದ್ದಿದೆ ಅಂತ ಗೊತ್ತಾಗೋದು ಅದು ಕೂಗಿದಾಗಲೇ. ಅಲ್ಲೀವರೆಗೂ ಬಾಯಿಗೆ ಒಂದು ತೊಟ್ಟು ನೀರೂ ಹಾಕೋ ಹಾಗಿಲ್ಲ. ನಾನೀಗ ಕುಣಿಗಲ್ ಕ್ಯಾಂಪಿಗೆ ಹೋಗ್ತಿದೀನಿ, ಬರೋದು ಐದು ಗಂಟೆ. ನೀವೇ ಆಗಾಗ ಇಲ್ಲಿ ಪಕ್ಕೆಗೆ ಕಿವಿ ಇಟ್ಟು ಕೇಳ್ತಾ ಇರಿ. ಈಗ ನಿಮ್ಮ ಹೊಟ್ಟೇಲಿ ಬಂತಲ್ಲ, ಅಂಥ ಸದ್ದು ಕೇಳಿದ ತಕ್ಷಣ ಸಿಸ್ಟರ್‌ಗೆ ಹೇಳಿ. ಅವರು ನೋಡಿ ನೀರು ಶುರು ಮಾಡ್ತಾರೆ. ಗೊತ್ತಾಯ್ತಾ?"

ಅವಳು ತಲೆಯಾಡಿಸಿದಳು. ಡಾಕ್ಟರು ಹೋದರು. ಶಕೀಲಾ ಫ್ಲಾಸ್ಕಿನ ಮುಚ್ಚಳ ತೆಗೆದಳು, ಮಸ್ತಾನ್ ಬೀ ಮನಸಾರೆ ಕೆಮ್ಮಿದಳು. ವಾರ್ಡು ಮತ್ತೆ ವಾರ್ಡಾಯಿತು.

ಅತ್ತೆ ಭದ್ರಮ್ಮ ಕಣ್ಣು ಬಿಟ್ಟೇ ಮಲಗಿದ್ದಳು. ಮೂಗಿನೊಳಗೆ ಹೋಗಿದ್ದ ಸಣ್ಣ ನಳಿಕೆಯನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸಿದ್ದರು. ಎಡಗೈಗೆ ಗ್ಲೂಕೋಸ್ ಹೋಗುತ್ತಿತ್ತು. ಗುಬ್ಬಿಯ ಆಚೆ ಊರಿನಲ್ಲಿ ತೆಂಗಿನ ತೋಟದ ಆಳುಗಳನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಬಾಯಿ ಒಣಗಿ, ತುಟಿಯ ಮೇಲೆ ಬಿಳಿ ಸಿಪ್ಪೆ ಎದ್ದಿತ್ತು. "ಗಂಗೆ," ಎಂದಳು, "ಒಂದ್ ತೊಟ್ಟು ನೀರ್ ಕೊಡೇ."

"ಡಾಕ್ಟ್ರು ಬ್ಯಾಡ ಅಂದವ್ರಲ್ಲ ಅತ್ತೆ. ಕೇಳಿಸ್ಕೊಂಡ್ರಲ್ಲ."

"ನಾಲಗೆ ನೆನೆಯೋಷ್ಟು."

"ನೆನೆಯೋಷ್ಟೂ ಬ್ಯಾಡ. ಇವತ್ತೊಂದಿನ ತಡ್ಕಳಿ. ಒಂದಿನ ತಡ್ಕೊಂಡ್ರೆ ಯಾರೂ ಸತ್ತೋಗಲ್ಲ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅದು ಅವಳ ಮಾತಾಗಿರಲಿಲ್ಲ. ಅದರ ಕೊಂಕು, ಕೊನೆಗೆ ಸ್ವಲ್ಪ ಎಳೆಯುವ ರೀತಿ ಎಲ್ಲವೂ ಅತ್ತೆಯವು. ಹದಿನೆಂಟು ವರ್ಷಗಳ ಹಿಂದೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ದಿನಕ್ಕೆ ಒಂದು ಸಲವಾದರೂ ಕೇಳಿದ ಮಾತು ಎಲ್ಲಿ ಕೂತಿತ್ತೋ, ಈಗ ಹೇಳಿ ಕಳಿಸಿದ ಹಾಗೆ ನಾಲಗೆಗೆ ಬಂದಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅತ್ತೆಯ ತುಟಿಗೆ ಒತ್ತಿದಳು. ಭದ್ರಮ್ಮ ಕರು ಬಾಯಿ ಹಾಕಿದ ಹಾಗೆ ಹತ್ತಿಗೆ ಬಾಯಿ ಹಾಕಿ ಹೀರಲು ನೋಡಿದಳು. ಚಿಕ್ಕಗಂಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಹಾಗೆ ತೆಗೆದುಕೊಂಡಾಗ ಎದೆಯಲ್ಲಿ ಸಣ್ಣದಾಗಿ ಏನೋ ಸಡಿಲವಾಯಿತು, ಬಿಗಿಯಾಗಿ ಕಟ್ಟಿದ ರವಿಕೆಯ ಒಂದು ಗುಂಡಿ ಬಿಚ್ಚಿದಷ್ಟು ಸುಖ. ಡಾಕ್ಟರು ಹೇಳಿದ್ದನ್ನೇ ತಾನು ಮಾಡುತ್ತಿರುವುದು, ತಪ್ಪೇನಿಲ್ಲ. ಆದರೆ ಡಾಕ್ಟರು ಸುಖಪಡು ಎಂದಿರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಒಂದು ದಿನ ಅಪ್ಪ ಬಂದಿದ್ದ. ಯಡಿಯೂರಿನಿಂದ ಎರಡು ಬಸ್ಸು ಬದಲಾಯಿಸಿ, ಗುಬ್ಬಿಯಿಂದ ಬಿಸಿಲಲ್ಲಿ ನಡೆದು, ಹೇಳದೆ ಕೇಳದೆ ಮಟಮಟ ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು ಮಗಳನ್ನು ನೋಡಿ ನಕ್ಕಿದ್ದ. ಮದುವೆಯಾಗಿ ಆರು ತಿಂಗಳು. ಬರ ಬಿದ್ದು ಊರಿಗೆಲ್ಲ ರೇಷನ್ ಡಿಪೋದ ಕೆಂಪು ಜೋಳ ಬರುತ್ತಿದ್ದ ವರ್ಷ. ಹಿಟ್ಟಿನ ಮಡಕೆಯ ಮುಂದೆ ಅತ್ತೆಯೇ ಕೂರುತ್ತಿದ್ದಳು. ಮನೆಯ ಗಂಡಸರಿಗೆ ಎರಡು, ತನಗೊಂದು, ಸೊಸೆಗೊಂದು ಎಂದು ಮುದ್ದೆ ಕಟ್ಟಿ ಇಡುತ್ತಿದ್ದಳು. ಯಾರಾದರೂ ಬಂದರೆ ಸೊಸೆಯದು ಅವರಿಗೆ. ಅದರಲ್ಲಿ ಮಾತಿರಲಿಲ್ಲ, ಬೈಗುಳವೂ ಇರಲಿಲ್ಲ, ನೀರು ಇಳಿಜಾರಿಗೆ ಹರಿದ ಹಾಗೆ ಅದು ಹಾಗೇ ಹೋಗುತ್ತಿತ್ತು. ಹಿಂದಿನ ದಿನ ಮಾವನ ಕಡೆಯ ಯಾರೋ ಬಂದಿದ್ದರು, ಅವತ್ತು ಅಪ್ಪ. ಅಪ್ಪನಿಗೆ ತನ್ನ ಮುದ್ದೆ ಬಡಿಸಿ, ಸಾರು ಬಿಟ್ಟು, ಮಜ್ಜಿಗೆಯ ಚೊಂಬು ಹಿಡಿದು ಅವನ ಎದುರಿಗೆ ನಿಂತಿದ್ದಾಗ ಹೊಟ್ಟೆ ಕೂಗಿತು. ಗಂಡಸರೆಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದ ಆ ಹಜಾರದಲ್ಲಿ ತೊಲೆಗೂ ಕೇಳಿಸುವಂತೆ ಕೂಗಿತು. ಅತ್ತೆ ಅಡುಗೆಮನೆಯ ಬಾಗಿಲಿಂದ, "ಏನೇ ಅದು! ನಿಮ್ಮಪ್ಪ ಬಂದವ್ರೆ ಅಂತ ಹೊಟ್ಟೇಲಿ ವಾಲಗ ಊದಿಸ್ತಾ ಇದೀಯಾ?" ಎಂದಳು. ಎಲ್ಲರೂ ನಕ್ಕರು. ಅಪ್ಪನೂ ಮೊದಲು ನಕ್ಕ. ಆಮೇಲೆ ತನ್ನ ತಟ್ಟೆ ನೋಡಿದ, ಮಗಳ ಮುಖ ನೋಡಿದ, ಮತ್ತೆ ತಟ್ಟೆ ನೋಡಿದ. ಬಾಯಲ್ಲಿದ್ದ ತುತ್ತನ್ನು ನುಂಗಲು ಅವನು ಪಟ್ಟ ಪಾಡು, ಗಂಟಲ ಗೆಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತದ್ದು, ಅವಳಿಗೆ ಈಗ ಈ ಕಬ್ಬಿಣದ ಮಂಚದ ಪಕ್ಕದಲ್ಲಿ ಕೂತಾಗಲೂ ಕಾಣುತ್ತದೆ. "ಯಾಕೋ ಹೊಟ್ಟೆ ಸರಿ ಇಲ್ಲ ಬೀಗಿತ್ತಿ," ಎಂದು ಅರ್ಧ ಮುದ್ದೆ ಬಿಟ್ಟು ಎದ್ದ. ಎಂಜಲು ಮುದ್ದೆ ಕಲಗಚ್ಚಿಗೆ ಹೋಯಿತು. ಅಲ್ಲಿಂದಾಚೆಗೆ ಅಪ್ಪ ಎರಡು ಸಲ ಬಂದ. ಎರಡು ಸಲವೂ ನಿಂತೇ ಮಜ್ಜಿಗೆ ಕುಡಿದು ಹೊರಟ. ಮೂರನೆಯ ಸಲ ಬರಲು ಅವನಿರಲಿಲ್ಲ.

"ಅಕ್ಕಾ, ಬ್ರೆಡ್ ತಿಂತೀರಾ? ಟೀನೂ ಇದೆ," ಎಂದು ಶಕೀಲಾ ಕೇಳಿದಳು. ಇಪ್ಪತ್ತೆರಡರ ಹುಡುಗಿ, ತಾಯಿಗೆ ಪಿತ್ತಕೋಶದ ಕಲ್ಲು ತೆಗೆದು ಹತ್ತು ದಿನವಾಗಿತ್ತು, ನಾಳೆಯೋ ನಾಡಿದ್ದೋ ಮನೆಗೆ ಹೋಗುವ ಗೆಲುವಿನಲ್ಲಿದ್ದಳು. ನಕ್ಕಿದ್ದಕ್ಕೆ ಮನಸ್ಸಿಗೆ ಚುಚ್ಚಿರಬೇಕು, ದನಿ ಮೆತ್ತಗಿತ್ತು. ಚಿಕ್ಕಗಂಗಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ನೋಡುತ್ತಿದ್ದಳು. "ಬ್ಯಾಡಮ್ಮ, ಆಯ್ತು ನಂದು," ಎಂದಳು. ಸಾಬರ ಟೀ ಎಂಬ ಕಾರಣ ಅರ್ಧ. ಊರು ಬಿಟ್ಟು ಇಲ್ಲಿ ಉಪ್ಪಾರಹಳ್ಳಿಯ ಬಾಡಿಗೆ ಮನೆಗೆ ಬಂದು ಹತ್ತು ವರ್ಷವಾದ ಮೇಲೆ ಅದೇನೂ ಅವಳಿಗೆ ದೊಡ್ಡದಾಗಿ ಉಳಿದಿರಲಿಲ್ಲ. ಉಳಿದರ್ಧ, ಅತ್ತೆಯ ಕಣ್ಣೆದುರಿಗೆ ಬಾಯಾಡಿಸಲು ಈ ನಾಲ್ಕು ದಿನವೂ ಅವಳಿಂದ ಆಗಿರಲಿಲ್ಲ. ಮಗಳು ಬೆಳಿಗ್ಗೆ ಕಟ್ಟಿ ಕಳಿಸಿದ ರೊಟ್ಟಿ ಕಿಟಕಿಯ ಮೇಲೆ ಡಬ್ಬಿಯಲ್ಲಿ ಹಾಗೇ ಇತ್ತು. ಅದು ಮರ್ಯಾದೆಯೋ ಹೆದರಿಕೆಯೋ ಅವಳಿಗೆ ತಿಳಿಯದು. ಉಣ್ಣದವರ ಮುಂದೆ ಉಣ್ಣಬಾರದು ಎಂದು ತನಗೆ ಕಲಿಸಿದವಳೂ ಇವಳೇ ಅಲ್ಲವೇ ಎಂದುಕೊಂಡಳು. ಕಲಿಸಿದ್ದು ಮಾತಿನಿಂದಲ್ಲ, ಹಸಿದ ತನ್ನ ಮುಂದೆ ಬೇರೆಯವರಿಗೆ ಬಡಿಸಿ.

ಹನ್ನೊಂದು ಗಂಟೆಗೆ ಒಂದು ಸಲ ಕಿವಿಯಿಟ್ಟಳು. ಹೊಟ್ಟೆಯ ನಡುವೆ ಪಟ್ಟಿ ಇತ್ತು. ಎಡಗಡೆ, ಪಕ್ಕೆಯ ಕೆಳಗೆ, ಸೀರೆ ಸರಿಸಿದರೆ ಅಂಗೈಯಗಲ ಬರಿಯ ಮೈ. ಇಷ್ಟು ವರ್ಷದಲ್ಲಿ ಅತ್ತೆಯ ಕಾಲು ಮುಟ್ಟಿದ್ದುಂಟು, ತಲೆಗೆ ಎಣ್ಣೆ ಹಚ್ಚಿದ್ದುಂಟು, ಹೊಟ್ಟೆಗೆ ಕೆನ್ನೆ ಇಟ್ಟದ್ದಿಲ್ಲ. ಚರ್ಮ ಬಿಸಿಯಾಗಿತ್ತು, ಸಡಿಲವಾಗಿತ್ತು. ಡೆಟಾಲು, ಬೆವರು, ಅದರ ಕೆಳಗೆ ಹಳೇ ಮನೆಯ ಹೊಗೆಯ ವಾಸನೆ. ತನ್ನ ಗಂಡ ಇದರೊಳಗೇ ಇದ್ದವನು ಎಂಬ ಯೋಚನೆ ಬಂದು ಒಂಥರಾ ಆಯಿತು. ಒಳಗೆ ಏನೂ ಇರಲಿಲ್ಲ. ಜನ ಬಿಟ್ಟುಹೋದ ಮನೆಯ ಬಾಗಿಲಿಗೆ ಕಿವಿಯಿಟ್ಟ ಹಾಗೆ. ದೂರದಲ್ಲೆಲ್ಲೋ ರಕ್ತ ಹೊಡೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು, ಅದು ತನ್ನ ಕಿವಿಯದೇ ಇರಬಹುದು.

ಹನ್ನೆರಡೂವರೆಗೆ ಎರಡನೆಯ ಸಲ ಬಾಗಿದಳು. ಬೇಸರದಿಂದ ಬಾಗಿದ್ದು; ನಡು ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು, ಆ ಬಿಸಿ ಪಕ್ಕೆಯ ಮೇಲೆ ತಲೆಯಿಟ್ಟು ಹಾಗೇ ಎರಡು ನಿಮಿಷ ನಿದ್ದೆ ಹೋದರೂ ಹೋಗಬಹುದಿತ್ತು. ಆಗ ಕೇಳಿಸಿತು. ಮೊದಲು ತೊಟ್ಟಿಕ್ಕಿದ ಹಾಗೆ ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ದೂರದ ಗುಡುಗು ಉರುಳುತ್ತಾ ಬಂದ ಹಾಗೆ, ಕೆನ್ನೆಯ ಕೆಳಗೆ ಚರ್ಮ ಅಲುಗುವಂತೆ, ಗುಡುಗುಡು ಗುಡುಗುಡು ಎಂದು ಮೇಲಿಂದ ಕೆಳಕ್ಕೆ ಹೋಯಿತು. ಅವಳು ತಲೆಯೆತ್ತಿದಳು. ಅತ್ತೆಯ ಕಣ್ಣು ಮುಚ್ಚಿತ್ತು. ಹತ್ತು ಹೆಜ್ಜೆ ಆಚೆ ಮೇಜಿನ ಮುಂದೆ ಸಿಸ್ಟರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಕರೆದರೆ ಸಾಕಿತ್ತು, ಕರೆಯುವುದೂ ಬೇಡ, ಎದ್ದು ನಿಂತರೆ ಅವಳೇ ನೋಡುತ್ತಿದ್ದಳು. ಚಿಕ್ಕಗಂಗಮ್ಮ ಎದ್ದು ನಿಂತಳು. ಅತ್ತೆಯ ಸೀರೆ ಸರಿಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರಾಯಿತು ಎಂದುಕೊಂಡಳು. ಅಷ್ಟೇ ಅಂದುಕೊಂಡದ್ದು. ಬೇಕೆಂದು ಏನೂ ಯೋಚನೆ ಮಾಡಿರಲಿಲ್ಲ. ಹೇಳುವುದು, ಇನ್ನು ಸ್ವಲ್ಪ ಹೊತ್ತು ಬಿಟ್ಟು. ಇಷ್ಟು ದಿನ ಇದ್ದವಳು ಇನ್ನೊಂದು ಗಳಿಗೆ ಇರಲಿ. "ಶಕೀಲಾ, ಒಂದ್ ಚೂರು ಅತ್ತೇನ ನೋಡ್ಕೊಂಡಿರಮ್ಮ, ಬಂದೆ," ಎಂದು ಹೇಳಿ ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆ ದಾಟಿದಳು.

ಎದುರಿನ ಹೋಟೆಲಿನಲ್ಲಿ ಹೆಂಗಸರು ಒಬ್ಬರೇ ಬಂದು ಊಟಕ್ಕೆ ಕೂರುವುದು ಅಪರೂಪವಿರಬೇಕು. ಮಾಣಿ ಅವಳನ್ನು ಪರದೆ ಹಾಕಿದ ಮೂಲೆಗೆ ಕೂರಿಸಿದ. ಬಾಳೆಲೆಯ ಮೇಲೆ ಅನ್ನ ಬಿತ್ತು, ಹುಳಿ ಬಿತ್ತು. ಅವಳು ಉಂಡಳು. ರುಚಿ ನೋಡದೆ, ತಲೆಯೆತ್ತದೆ, ಮೊಣಕೈವರೆಗೆ ಸಾರು ಇಳಿಯುತ್ತಿದ್ದರೂ ಒರೆಸದೆ ಉಂಡಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಮೂರನೆಯ ಸಲವೂ. ಹೊಟ್ಟೆ ತುಂಬಿ, ತುಂಬಿದ ಮೇಲೂ ತುಂಬಿ, ಮೊಸರಿನಲ್ಲಿ ಕಲಸಿದ ಕೊನೆಯ ತುತ್ತು ಗಂಟಲಲ್ಲಿ ಕೂತಾಗ ಮಾತ್ರ ನಿಲ್ಲಿಸಿದಳು. ಅತ್ತೆ ಹಸಿದಿರುವಾಗ ತಾನು ಹೊಟ್ಟೆ ತುಂಬ ಉಂಡದ್ದು ಇದೇ ಮೊದಲಿರಬೇಕು. ಏನೋ ಆಗಬೇಕಿತ್ತು, ಆಗಲಿಲ್ಲ. ಬೆಳಿಗ್ಗೆ ಆದಂಥ ಸುಖವೂ ಇರಲಿಲ್ಲ. ಭಾರವಾದ ಹೊಟ್ಟೆ, ಮಂಕು ಹಿಡಿದ ತಲೆ. ರಸ್ತೆಯಲ್ಲಿ ಗುಬ್ಬಿಯ ಬಸ್ಸು ಧೂಳೆಬ್ಬಿಸಿ ಹೋಯಿತು.

ತಿರುಗಿ ಬಂದಾಗ ಮೇಜಿನ ಮುಂದೆ ಬೇರೆ ಸಿಸ್ಟರು ಕೂತಿದ್ದಳು. ಈಗ ಬಂದವಳು, ವಯಸ್ಸಾದವಳು, ಕನ್ನಡಕದ ಮೇಲಿಂದ ನೋಡಿ, "ಎಂಟನೇ ನಂಬರ್‌ನವರಾ? ಏನಾದ್ರೂ ಸದ್ದು ಬಂತಾ?" ಎಂದು ತಾನಾಗಿಯೇ ಕೇಳಿದಳು. ಹೇಳಲು ಬಾಗಿಲನ್ನು ಅವಳೇ ತೆರೆದು ಹಿಡಿದ ಹಾಗಿತ್ತು. ಹೂಂ ಎಂದರೆ ಮುಗಿಯಿತು. "ಇಲ್ಲ," ಎಂದಳು ಚಿಕ್ಕಗಂಗಮ್ಮ.

ಆ ಒಂದು ಮಾತು ಆಡುವವರೆಗೆ ಅವಳು ಮರೆತವಳು, ತಡಮಾಡಿದವಳು. ಆಡಿದ ಮೇಲೆ ಬೇರೆ ಏನೋ ಆದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಭದ್ರಮ್ಮ ಎಚ್ಚರವಾಗಿದ್ದಳು, ನೀರು ಕೇಳಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದಳು. ಬೆಳಿಗ್ಗೆಯಿಂದ ಗಳಿಗೆಗೊಂದು ಸಲ ಕೇಳುತ್ತಿದ್ದವಳು ಈಗ ಕೇಳದೆ ಇದ್ದದ್ದು ಚಿಕ್ಕಗಂಗಮ್ಮನಿಗೆ ತಡೆಯಲಾರದಂತಾಯಿತು. "ತುಟಿ ಒದ್ದೆ ಮಾಡ್ಲಾ ಅತ್ತೆ?" ಎಂದಳು. ಅತ್ತೆ ಮುಖ ಈ ಕಡೆ ತಿರುಗಿಸಲಿಲ್ಲ. ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೆರೆ ಗೀಚಿದ್ದರು, ಮಲಗಿದ ದಿನಗಳಿಗೆ ಒಂದೊಂದು. ಅದನ್ನು ನೋಡುತ್ತಿದ್ದಳೋ ಏನೋ. ಕತ್ತಿನ ಹಿಂಭಾಗದಲ್ಲಿ ಬಿಳಿಗೂದಲು ಬೆವರಿಗೆ ಅಂಟಿತ್ತು. ಕತ್ತು ತೆಳ್ಳಗಿತ್ತು, ಪುಟ್ಟ ಹುಡುಗಿಯ ಕತ್ತಿನ ಹಾಗೆ. ತಡವಾಗಿ ನೀರು ಕೊಟ್ಟರೆ ಏನಾದರೂ ಆಗುತ್ತದೆಯೇ? ಗ್ಲೂಕೋಸ್ ಹೋಗುತ್ತಲೇ ಇದೆಯಲ್ಲ. ಆಗುವುದಿಲ್ಲ. ಆದರೆ ಆಗುವಂಥದ್ದಾದರೆ? ಈಗ ಎದ್ದು ಹೇಳಬಹುದು. ಹೇಳಿದರೆ, ಈಗಷ್ಟೇ ಇಲ್ಲ ಅಂದ್ರಲ್ಲ ಎನ್ನುತ್ತಾಳೆ ಸಿಸ್ಟರು. ಅದಕ್ಕೆ ಮತ್ತೆ ಕೇಳಿಸಲಿ, ಹೊಸದಾಗಿ ಕೇಳಿಸಲಿ, ಕೇಳಿಸಿದೊಡನೆ ಓಡಿಹೋಗಿ ಹೇಳುತ್ತೇನೆ ಎಂದು ಬಗ್ಗಿ ಪಕ್ಕೆಗೆ ಕಿವಿಯಿಟ್ಟಳು. ಏನೂ ಇರಲಿಲ್ಲ. ಎರಡು ಗಂಟೆಗೆ ಇಟ್ಟಳು, ಎರಡೂವರೆಗೆ ಇಟ್ಟಳು. ಮೂರು ಗಂಟೆಗೆ ಇಟ್ಟಾಗ ಕಣ್ಣು ಬಿಗಿಯಾಗಿ ಮುಚ್ಚಿ, ಸಿದ್ಧಲಿಂಗೇಶ್ವರ, ಕೂಗಪ್ಪಾ, ಒಂದ್ಸಲ ಕೂಗು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಳಗೆ ಬಾಗಿಲು ಹಾಕಿಕೊಂಡುಬಿಟ್ಟಿತ್ತು. ತನ್ನ ಹೊಟ್ಟೆಯೂ ಸದ್ದಿಲ್ಲದೆ, ಅನ್ನ ತುಂಬಿಕೊಂಡು, ಕಲ್ಲಿನ ಹಾಗೆ ಕೂತಿತ್ತು.

ನಾಲ್ಕೂವರೆಗೆ ಗಂಡ ಸಿದ್ದಗಂಗಯ್ಯ ಬಂದ. ಹಿರೇಹಳ್ಳಿಯ ಕಾರ್ಖಾನೆಯಿಂದ ಶಿಫ್ಟು ಮುಗಿಸಿ, ಖಾಕಿ ಬಟ್ಟೆಯಲ್ಲೇ ಬಂದಿದ್ದ. ಬರುವಾಗಲೇ ಸಿಸ್ಟರ ಹತ್ತಿರ ಮಾತಾಡಿ, ಅಲ್ಲಿಂದ ಎಲ್ಲೋ ಹೋಗಿ, ಅರ್ಧ ಗಂಟೆ ಬಿಟ್ಟು ಮಂಚದ ಹತ್ತಿರ ಬಂದ. ಅಂಗಿಯ ಎಡತೋಳು ಮಡಿಸಿತ್ತು. ಮೊಣಕೈ ಸಂದಿನಲ್ಲಿ ಹತ್ತಿಯ ತುಣುಕು, ಅದರಲ್ಲಿ ಒಂದು ಕೆಂಪು ಚುಕ್ಕೆ.

"ಏನ್ರೀ ಅದು?"

"ಬ್ಲಡ್ಡು ಚೆಕ್ ಮಾಡಿದ್ರು. ನಂದು ಅವ್ವಂಗೆ ಆಗುತ್ತಂತೆ." ಹೆಂಡತಿಯನ್ನು ಪಕ್ಕಕ್ಕೆ ಕರೆದು ಸಣ್ಣಗೆ ಹೇಳಿದ, "ಇವತ್ತೂ ಸದ್ದು ಬಂದಿಲ್ವಲ್ಲ. ಡಾಕ್ಟ್ರು ಬೆಳಿಗ್ಗೆನೇ ಸಿಸ್ಟರ್‌ಗೆ ಹೇಳ್ ಹೋಗಿದ್ರಂತೆ. ಸಂಜೆವರೆಗೂ ಬರ್ಲಿಲ್ಲ ಅಂದ್ರೆ ನಾಳೆ ಮತ್ತೆ ಕುಯ್ದು ನೋಡ್ಬೇಕಾಗುತ್ತೆ ಅಂತ. ರಕ್ತ ರೆಡಿ ಇರ್ಲಿ ಅಂದ್ರು." ಅವನ ಗಡ್ಡ ಎರಡು ದಿನದ್ದು. "ಅರವತ್ತೆಂಟು ವರ್ಷ ಕಣೇ. ಎರಡನೇ ಸಲ ತಡ್ಕೋತಾಳಾ?"

ಈಗ ಹೇಳಬೇಕು ಎಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಗಂಡ ಆಗಲೇ ತಿರುಗಿ, ತಾಯಿಯ ಹಣೆಯ ಮೇಲೆ ಕೈಯಿಟ್ಟು, "ಅವ್ವ, ಏನ್ ಮಾಡ್ತದವ್ವ? ನೋಯ್ತದಾ?" ಎನ್ನುತ್ತಿದ್ದ. ಅವನು ಅವಳ ಜೊತೆ ಯಾವತ್ತೂ ಜಗಳವಾಡಿದವನಲ್ಲ, ಅತ್ತೆಯ ಕಡೆ ವಹಿಸಿದವನೂ ಅಲ್ಲ, ಅವಳ ಕಡೆ ವಹಿಸಿದವನೂ ಅಲ್ಲ. ಅವತ್ತು ಹಜಾರದಲ್ಲಿ ಅವನೂ ಇದ್ದ. ಎರಡು ಮುದ್ದೆ ಉಂಡು, ನಕ್ಕು, ಕೈ ತೊಳೆದಿದ್ದ. ಇಪ್ಪತ್ತೆರಡರ ಹುಡುಗ. ಅದನ್ನು ಅವಳು ಯಾವತ್ತೂ ಎತ್ತಿ ಆಡಿಲ್ಲ. ಈಗ ಹತ್ತಿಯ ಮೇಲಿನ ಕೆಂಪು ಚುಕ್ಕೆ ನೋಡುತ್ತಾ ನಿಂತಳು.

ಡಾಕ್ಟರು ಬಂದದ್ದು ಐದೂಕಾಲಿಗೆ. ಕುಣಿಗಲ್ ರಸ್ತೆಯ ಕೆಂಪು ಧೂಳು ಇನ್ನೂ ಶರಟಿನ ಕಾಲರಿನ ಮೇಲಿತ್ತು. ಮಾತಾಡದೆ ಬಿಲ್ಲೆ ಒತ್ತಿ ಕಣ್ಣು ಮುಚ್ಚಿದರು. ವಾರ್ಡು ಉಸಿರು ಹಿಡಿಯಿತು. ಈ ಕಡೆ, ಆ ಕಡೆ, ಪಟ್ಟಿಯ ಮೇಲೆ, ಕೆಳಗೆ. ಹುಬ್ಬು ಅಲುಗಲಿಲ್ಲ. ಸ್ಟೆತಾಸ್ಕೋಪು ತೆಗೆದು, ಸಿದ್ದಗಂಗಯ್ಯನ ಹೆಗಲ ಮೇಲೆ ಕೈಯಿಟ್ಟು, "ಬನ್ನಿ, ಹೊರಗೆ ಮಾತಾಡೋಣ. ನಾಳೆ ಬೆಳಿಗ್ಗೆ ಒಂದು ಎಕ್ಸ್‌ರೇ ತೆಗೆದು…" ಎಂದು ಶುರು ಮಾಡಿದರು.

"ಬಂದಿತ್ತು ಸಾರ್."

ಎಲ್ಲರೂ ಅವಳ ಕಡೆ ತಿರುಗಿದರು. ತನ್ನ ಗಂಟಲಿಂದ 'ಬಂದಿತ್ತು' ಎಂಬ ಮಾತು ಬಂದದ್ದು ಅವಳಿಗೂ ಆಮೇಲೆಯೇ ತಿಳಿದದ್ದು. "ಮಧ್ಯಾಹ್ನ. ಹನ್ನೆರಡೂವರೇಲಿ. ಜೋರಾಗೇ ಬಂದಿತ್ತು. ನಾನ್ ಹೇಳಲಿಲ್ಲ."

"ಹೇಳಲಿಲ್ಲ ಅಂದ್ರೆ?" ಕನ್ನಡಕದ ಸಿಸ್ಟರು ಮುಂದೆ ಬಂದಳು. "ನಾನೇ ಕೇಳ್ದೆ ನಿಮ್ಮನ್ನ. ಇಲ್ಲ ಅಂದ್ರಿ."

"ಇಲ್ಲ ಅಂದೆ."

"ಯಾಕೆ?" ಎಂದು ಕೇಳಿದ್ದು ಅವಳ ಗಂಡ. ಸಿಟ್ಟಿನಿಂದಲ್ಲ, ಅರ್ಥವಾಗದೆ. ಶಕೀಲಾ ತಾಯಿಯ ಕಾಲು ಒತ್ತುತ್ತಿದ್ದವಳು ಕೈ ನಿಲ್ಲಿಸಿ ನೋಡುತ್ತಿದ್ದಳು. ಯಾಕೆ ಎಂಬುದಕ್ಕೆ ಚಿಕ್ಕಗಂಗಮ್ಮನ ಹತ್ತಿರ ಉತ್ತರವಿತ್ತು. ಹದಿನೆಂಟು ವರ್ಷ ಹಳೆಯ ಉತ್ತರ. ಇಷ್ಟು ದಿನ ಒಳಗೆ ದೊಡ್ಡದಾಗಿ ಇದ್ದದ್ದು ಈಗ ನಾಲಗೆಯ ಮೇಲಿಟ್ಟು ನೋಡಿದರೆ ಅರ್ಧ ಮುದ್ದೆಯಷ್ಟು. ಇಷ್ಟು ಜನರ ನಡುವೆ, ಈ ಫಿನಾಯಿಲ್ ವಾಸನೆಯಲ್ಲಿ, ಅದನ್ನು ಹೇಗೆ ಹೇಳುವುದು?

"ನಾನೇ ಬ್ಯಾಡ ಅಂದಿದ್ದೆ."

ಭದ್ರಮ್ಮ ಗೋಡೆಯಿಂದ ಮುಖ ತಿರುಗಿಸಿದ್ದಳು. ನಳಿಕೆಯಿಂದಾಗಿ ದನಿ ಮೂಗಿನಲ್ಲಿ, ಹರಿದ ಬಟ್ಟೆಯ ಹಾಗಿತ್ತು. "ಅವ್ಳು ಹೇಳ್ತೀನಿ ಅಂತ್ಲೇ ಹೊಂಟ್ಲು ಕಣಪ್ಪ. ನಾನೇ ತಡ್ದೆ. ನೀರ್ ಕುಡುದ್ರೆ ಮತ್ತೆ ವಾಂತಿ ಆಯ್ತದೆ ಅಂತ ನಂಗೆ ಹೆದ್ರಿಕೆ. ಯಾರ್ ಕೇಳುದ್ರೂ ಇಲ್ಲ ಅನ್ನು ಅಂತ ಆಣೆ ಹಾಕ್ಸ್ದೆ."

ಡಾಕ್ಟರ ಮುಖ ಕೆಂಪಗಾಯಿತು. ಬೆಳಿಗ್ಗೆಯ ಒಳ್ಳೆಯತನ ದಣಿದುಹೋಗಿತ್ತು. "ಏನ್ ಅಂದ್ಕೊಂಡಿದೀರಿ ನೀವು? ಮಕ್ಕಳಾಟ ಅಂದ್ಕೊಂಡಿದೀರಾ? ನಿಮ್ಮ ಹೆದರಿಕೆಗೋಸ್ಕರ ನಾಳೆ ಮತ್ತೆ ಕತ್ತರಿ ಹಾಕ್ತಿದ್ನಲ್ಲ! ವಯಸ್ಸಾದ್ರೆ ಸಾಕಾ, ಬುದ್ಧಿ ಬೇಡ್ವಾ?" ಎಂದು ಬೈದರು. ಇಡೀ ವಾರ್ಡು ಕೇಳುವಂತೆ ಬೈದರು. ಊರಿನಲ್ಲಿ ಯಾರೂ ಎದುರಾಡದ ಭದ್ರಮ್ಮ ತಪ್ಪು ಮಾಡಿದ ಹುಡುಗಿಯ ಹಾಗೆ ಕಣ್ಣು ತಗ್ಗಿಸಿ ಕೇಳಿಸಿಕೊಂಡಳು. "ತಪ್ಪಾಯ್ತು ಬುಡಪ್ಪ," ಎಂದಳು. ಚಿಕ್ಕಗಂಗಮ್ಮ ಮತ್ತೆ ಮಂಚದ ಕಂಬಿ ಹಿಡಿದಳು. ಬೈದದ್ದೆಲ್ಲ ತನ್ನ ಪಾಲಿನದು. ತನ್ನ ಕಣ್ಣೆದುರಿಗೆ ಅದನ್ನು ಬೇರೆಯವರು ಉಣ್ಣುತ್ತಿದ್ದರು.

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, ಈ ಸಲ ಬಿಲ್ಲೆಯನ್ನು ಒಂದೇ ಕಡೆ ಇಟ್ಟು, ಅವಸರಪಡದೆ ಕಾದರು. ಒಂದು ನಿಮಿಷ, ಎರಡು, ಮೂರು. ನಾಲ್ಕನೆಯ ನಿಮಿಷಕ್ಕೆ ಹುಬ್ಬು ಏರಿತು. ಮತ್ತೂ ಕೇಳಿದರು. "ಇದೆ," ಎಂದರು. "ಸಣ್ಣದಾಗಿದೆ, ಆದರೆ ಇದೆ." ಸಿದ್ದಗಂಗಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಡಾಕ್ಟರು ನಳಿಕೆ ತೆಗೆಯಲು ಸಿಸ್ಟರಿಗೆ ಹೇಳಿ, ಅರ್ಧ ಗಂಟೆಗೆ ಎರಡು ಚಮಚ ನೀರು, ಎರಡೇ ಚಮಚ, ಒಂದು ತೊಟ್ಟು ಜಾಸ್ತಿ ಆಗಬಾರದು, ಎಂದು ಮೂರು ಸಲ ಹೇಳಿ ಹೊರಟರು. ಗಂಡ ಹೊಸ ಚಮಚ ತರಲು ಓಡಿದವನು ಅದನ್ನು ಕೊಟ್ಟು, ಊರಿಗೆ ಹೇಳಿ ಕಳಿಸಬೇಕು ಎಂದು ಮತ್ತೆ ಹೊರಟ. ಹೋಗುವಾಗ ಹೆಂಡತಿಯ ಕಡೆ ನೋಡಿ, "ಅವ್ವನ ಮಾತು ಯಾಕೆ ಕೇಳಕ್ ಹೋದೆ ನೀನು?" ಎಂದ. ನಂಬಿದ್ದ.

ಆರು ಗಂಟೆಗೆ ಮೊದಲ ಎರಡು ಚಮಚ. ಕತ್ತಿನ ಕೆಳಗೆ ಕೈ ಕೊಟ್ಟು ತಲೆ ಎತ್ತಿ ಹಿಡಿದಳು. ಭದ್ರಮ್ಮ ಮೊದಲ ಚಮಚವನ್ನು ಬಾಯಲ್ಲೇ ಇಟ್ಟುಕೊಂಡು, ನಾಲಗೆಯಿಂದ ಅತ್ತಿತ್ತ ಸರಿಸಿ, ಬಹಳ ಹೊತ್ತಿನ ಮೇಲೆ ನುಂಗಿದಳು. ಎರಡನೆಯದನ್ನು ತಕ್ಷಣ ನುಂಗಿದಳು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಅದು ಅಳುವೋ, ನಳಿಕೆ ತೆಗೆದ ಉರಿಯೋ. ಚಿಕ್ಕಗಂಗಮ್ಮ ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು, "ಯಾಕತ್ತೆ ಹಂಗಂದ್ರಿ?"

"ಹೆಂಗೆ?"

"ನೀವ್ ಬ್ಯಾಡ ಅಂದಿದ್ರಿ ಅಂತ."

ಭದ್ರಮ್ಮ ಒಣ ತುಟಿಯನ್ನು ನಾಲಗೆಯಿಂದ ಸವರಿಕೊಂಡಳು. "ನನ್ ಹೊಟ್ಟೆ ಸದ್ದು ನಂಗ್ ಗೊತ್ತಾಗಲ್ವೇನೇ? ನೀನ್ ಕಿವಿ ಮಡಗಿದ್ದಾಗ್ಲೇ ಗೊತ್ತಾಯ್ತು. ಹೇಳ್ತೀಯ ಅಂತ ಕಾಯ್ತಾ ಇದ್ದೆ."

"ಮತ್ತೆ ನೀವೇ ಸಿಸ್ಟರ್‌ನ ಕರೀಬೋದಿತ್ತಲ್ಲ."

"ಕರೀಬೋದಿತ್ತು," ಎಂದಳು ಭದ್ರಮ್ಮ.

ಅಷ್ಟೇ. ತನ್ನನ್ನು ಕ್ಷಮಿಸಿದಳೋ, ಮಗನ ಮುಂದೆ ಸೊಸೆಯ ಮಾನ ಹೋಗಬಾರದೆಂದಳೋ, ಅಥವಾ ತನ್ನ ಹಸಿವನ್ನೂ ಬೇರೆಯವರ ಕೈಗೆ ಬಿಟ್ಟುಕೊಡದ ಹಟವೋ, ಚಿಕ್ಕಗಂಗಮ್ಮನಿಗೆ ತಿಳಿಯಲಿಲ್ಲ. ಕೇಳಲು ಶಕ್ತಿಯೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಬೈದಿದ್ದರೆ ತಾನು ಇಷ್ಟು ವರ್ಷ ಇದ್ದ ಜಾಗದಲ್ಲೇ ಇರಬಹುದಿತ್ತು. ಹೊರಗೆ ದೀಪ ಹತ್ತುವ ಹೊತ್ತು. ಮಸ್ತಾನ್ ಬೀ ಮಂಚದ ಮೇಲೆ ಕೂತೇ ತಲೆಯ ಮೇಲೆ ಸೆರಗು ಹೊದ್ದು ನಮಾಜಿಗೆ ಅಣಿಯಾಗುತ್ತಿದ್ದಳು.

"ಇನ್ನೊಂದ್ ಚಮ್ಚ ಕೊಡೇ," ಎಂದಳು ಅತ್ತೆ.

ಚಮಚ ಕೈಯಲ್ಲೇ ಇತ್ತು. ಲೋಟದಲ್ಲಿ ನೀರಿತ್ತು. ವಾರ್ಡಿನ ಬಾಗಿಲ ಮೇಲಿನ ದುಂಡು ಗಡಿಯಾರದಲ್ಲಿ ಆರು ಗಂಟೆ ಹದಿನೆಂಟು ನಿಮಿಷ. "ಅರ್ಧ ಗಂಟೆ ಆಗ್ಲಿ ಅತ್ತೆ," ಎಂದಳು.

ಭದ್ರಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ ಸೊಸೆಯ ಕಣ್ಣು ಹೋದ ಕಡೆಗೇ ಕತ್ತು ಹೊರಳಿಸಿ, ಅದನ್ನೇ ನೋಡುತ್ತಾ ಮಲಗಿದಳು. "ಇನ್ನೆಷ್ಟದೆ?"

"ಹನ್ನೆರಡು ನಿಮಿಷ."

ಚಿಕ್ಕಗಂಗಮ್ಮ ಸ್ಟೂಲನ್ನು ಮಂಚಕ್ಕೆ ಒತ್ತಿ ಎಳೆದುಕೊಂಡಳು. ಇಬ್ಬರೂ ಮುಳ್ಳನ್ನು ನೋಡುತ್ತಿದ್ದರು.

"ಈಗ?"

"ಹನ್ನೊಂದು, ಅತ್ತೆ."